ಮೂರು ಅಂಗಡಿ, ಒಂದು ಲೆಕ್ಕ: ಟ್ಯಾಲಿ ಬಿಟ್ಟು ಆನ್‌ಲೈನ್ ಸಾಫ್ಟ್‌ವೇರಿಗೆ ಹೋಗೋದು ಚಲೋನೋ ಕೆಟ್ಟೋ? ಅನುಭವ ಇದ್ದವರು ಹೇಳ್ರಿ

ಗೋಕುಲರೋಡ್_ಪಂಪ್‌ಸೆಟ್ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನದಿಂದ ತಲ್ಯಾಗ ಕೊರಿಯಾಕತ್ತಿದ್ದು ಕೇಳಾಕತ್ತೀನಿ, ಉದ್ದ ಆಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಂದು ಗೋಕುಲ ರೋಡಿನ್ಯಾಗ ಪಂಪ್‌ಸೆಟ್, ಪೈಪು, ವಾಲ್ವಿನ ಹೋಲ್‌ಸೇಲ್ ಅಂಗಡಿ. ಗದಗಿನ್ಯಾಗ ಒಂದು ಬ್ರಾಂಚ್ ಐತಿ, ಹಾವೇರಿದು ನನ್ನ ತಮ್ಮ ನೋಡ್ಕೋತಾನ. ಅಪ್ಪಾರ ಕಾಲಕ್ಕ ಕೆಂಪು ಅರಿವಿ ಕಟ್ಟಿದ ಕಿರ್ದಿ-ಖತಾವಣಿ ವಹಿ ಇದ್ದುವು, ಆಮ್ಯಾಲ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಂತು, ಈಗೂ ಅದ ನಡದೈತಿ. ಆದ್ರ ಮೂರೂ ಕಡೆ ಬ್ಯಾರೆ ಬ್ಯಾರೆ ಕಂಪ್ಯೂಟರ್, ಬ್ಯಾರೆ ಬ್ಯಾರೆ ಡೇಟಾ. ಸಂಜಿಕ ಗದಗಿನ ಹುಡುಗ ಸ್ಟಾಕ್ ಬರದ ಹಾಳಿದು ಫೋಟೋ ಹೊಡದು ವಾಟ್ಸಾಪ್ ಮಾಡ್ತಾನ, ನಾನು ಅದನ್ನ ಬಳ್ಳಲೆ ಹಿಗ್ಗಿಸಿ ಹಿಗ್ಗಿಸಿ ನೋಡಿ ಇದು ಎಂಟೋ ಮೂರೋ ಅಂತ ತಲಿ ಕೆಡಿಸ್ಕೋತೀನಿ.

ಹೋದ ತಿಂಗಳ ನವಲಗುಂದದ ರೈತರೊಬ್ಬರು 5 ಎಚ್‌ಪಿ ಸಬ್‌ಮರ್ಸಿಬಲ್ ಬೇಕು ಅಂದ್ರು. ನನ್ನ ಕಡೆ ಇದ್ದಿಲ್ಲ, ಗದಗಿನ ಹಾಳ್ಯಾಗ ಎರಡು ಅದಾವ ಅಂತ ಇತ್ತು, ಅಲ್ಲೇ ಹೋಗಿ ತಗೋರಿ ಅಂದೆ. ಪಾಪ ಬಾಡಿಗಿ ಟೆಂಪೋ ಮಾಡ್ಕೊಂಡು ಹೋದ್ರು, ಆ ಎರಡೂ ಮುಂಜಾನೆ ಹನ್ನೊಂದಕ್ಕ ಮಾರಿ ಹೋಗಿದ್ದುವು. ಅಲ್ಲಿಂದ ಫೋನ್ ಹಚ್ಚಿ ನನಗ ಏನಂದ್ರು ಅನ್ನೋದು ಇಲ್ಲಿ ಬರಿಯೋಹಂಗಿಲ್ಲ.

ಇಂಥಾದ್ರಾಗ ಒಬ್ಬ ಸೇಲ್ಸ್‌ನವ ಬಂದ. ಅವರದು ಪೂರ್ತಿ ಆನ್‌ಲೈನ್ ಸಾಫ್ಟ್‌ವೇರ್ ಅಂತ, ಮೂರೂ ಅಂಗಡಿ ಸ್ಟಾಕ್ ಒಂದ ಕಡೆ ಕಾಣ್ತೈತಂತ, ಮೊಬೈಲಿನ್ಯಾಗೂ ಬರ್ತೈತಂತ. ಒಬ್ಬರಿಗೆ ತಿಂಗಳಿಗೆ 900 ರೂಪಾಯಿ, ನಮ್ಮ ಐದು ಮಂದಿಗೆ 4,500, ಮ್ಯಾಲ ಜಿಎಸ್‌ಟಿ. ವರ್ಷದ್ದು ಒಮ್ಮೆ ಕಟ್ಟಿದ್ರ ಎರಡು ತಿಂಗಳದ್ದು ಬಿಡ್ತೀವಿ ಅಂದ. ನನಗ ಮನಸ್ಸು ಬಂದೈತಿ. ಆದ್ರ ಅಪ್ಪಾರು ಒಂದ ಮಾತಿನ್ಯಾಗ ಮುಗಿಸಿಬಿಟ್ರು. "ಯಾರ ಮ್ಯಾಲ ಎಷ್ಟು ಉದ್ರಿ ಐತಿ ಅನ್ನೋದು ನಾನು ನಿಮ್ಮವ್ವಗೂ ಹೇಳಿಲ್ಲ, ನೀ ಅದನ್ನ ಊರಾನ ಮಂದಿ ಕಂಪ್ಯೂಟರಿನ್ಯಾಗ ಇಡಾಕ ಹೊಂಟೀಯೇನು?" ಅಂತ.

ಯಾರರ ಹಿಂಗ ಬದಲಾಯಿಸಿದವರು ಅದೀರೇನು? ನೆಟ್ ಹೋದ್ರ ಬಿಲ್ ಹೆಂಗ ಹರಿತೀರಿ?

ದುರ್ಗದಬೈಲ್_ಅರಿವಿಅಂಗಡಿ

ನಾನೂ ಇದ ಕೇಳಾಂವ ಇದ್ದೆ. ಇಲ್ಲೇ ಕುಂತೀನಿ ನೋಡ್ರಿ, ಬಲ್ಲವರು ಹೇಳ್ರಿ. ಗಿರ್ಮಿಟ್ ನನ್ನ ಕಡಿಂದ.

ಬ್ಯಾಡಗಿ_ಅಡತಿ

ಅಣ್ಣಾರ, ನಿಮ್ಮ ಅಪ್ಪಾರು ಅಂದಂಗ ನಮ್ಮ ಕಾಕಾನೂ ಅಂದಿದ್ದ. ನಮ್ಮದು ಮೆಣಸಿನಕಾಯಿ ಅಡತಿ ಅಂಗಡಿ, ಆನ್‌ಲೈನಿಗೆ ಬಂದು ನಾಕು ವರ್ಷ ಆತು. ಅವತ್ತ ಕಾಕಾಗ ನಾ ಹೇಳಿದ್ದು ಏನಂದ್ರ, ಕಾಕಾ ನಮ್ಮ ಚೀಲ ಎಲ್ಲಿ ಇಟ್ಟೀವಿ? ಕೋಲ್ಡ್ ಸ್ಟೋರೇಜಿನ್ಯಾಗ. ಅದೇನು ನಮ್ಮಪ್ಪಂದಾ? ಒಂದ ಕಟ್ಟಡದಾಗ ಎಷ್ಟೋ ವ್ಯಾಪಾರಸ್ಥರ ಮಾಲು ಇರ್ತೈತಿ, ಗುರ್ತು ಅಂದ್ರ ಲಾಟ್ ನಂಬರ್ ಒಂದ. ಮಷಿನ್ ಅವಂದು, ಜನರೇಟರ್ ಅವಂದು, ರಾತ್ರಿ ಎರಡಕ್ಕ ಕೆಟ್ರ ಮೆಕ್ಯಾನಿಕ್ ಕರಸಾಂವ ಅವ. ನಾವು ಚೀಲಕ್ಕ ಇಷ್ಟು ಅಂತ ಬಾಡಿಗಿ ಕೊಡ್ತೀವಿ. ನಾವ ಒಂದು ಕಟ್ಟಾಕ ಹೋದ್ರ ಹೊಲಾ ಮನಿ ಮಾರ್ಬೇಕು. ಈ ಸಾಫ್ಟ್‌ವೇರೂ ಹಂಗ, ಸರ್ವರ್ ಅವರದು, ಬ್ಯಾಕಪ್ ಅವರದು, ನಾವು ಬಾಡಿಗಿ ಮಂದಿ.

ಕಾಕಾ ಸುಮ್ನ ಕುಂದ್ರಾಂವಲ್ಲ. "ಅಲ್ಲಿ ರಸೀದಿ ತೋರಿಸಿದ್ರ ಚೀಲ ಹೊಳ್ಳಿ ಕೊಡ್ತಾರ, ಇವರು ಏನ ತೋರಿಸಿದ್ರ ಕೊಡ್ತಾರ?" ಅಂದ. ಅವತ್ತ ನನ್ನ ಕಡೆ ಉತ್ತರ ಇದ್ದಿಲ್ಲ. ಕಂಪನಿಯವರಿಗೆ ಫೋನ್ ಹಚ್ಚಿ ಕೇಳಿದೆ, ಪೂರ್ತಿ ಲೆಕ್ಕ ಎಕ್ಸೆಲ್‌ನ್ಯಾಗ ಇಳಿಸ್ಕೋಳಾಕ ಬರ್ತೈತಿ ಅಂದ್ರು, ಎದುರಿಗೇ ಇಳಿಸಿ ತೋರಿಸಿದ್ರು, ಆಮ್ಯಾಲ ಕಾಕಾ ಚೆಕ್ ಬರದ.

ನೆಟ್ ಬಗ್ಗೆ ಹೇಳ್ತೀನಿ. ರಸ್ತೆ ಅಗದಾಗೊಮ್ಮೆ ಫೈಬರ್ ಹರಿತೈತಿ, ಅದು ನಮ್ಮ ಹಣೆಬರಹ. ಫೈಬರ್ ಒಂದು ಕಂಪನಿದು, ಡಾಂಗಲ್ ಬ್ಯಾರೆ ಕಂಪನಿದು ಇಟ್ಟೀನಿ, ರೌಟರಿಗೆ ಸಣ್ಣ ಯುಪಿಎಸ್ ಐತಿ. ಅದೂ ಇಲ್ಲಂದ್ರ ಮೊಬೈಲ್ ಹಾಟ್‌ಸ್ಪಾಟ್. ನಾಕು ವರ್ಷದಾಗ ಪೂರ್ತಿ ಕೈಲೆ ಬಿಲ್ ಬರದಿದ್ದು ಎರಡ ಸಲ. ಮತ್ತ ಇನ್ನೊಂದು, ನಮ್ಮ ಮಾರ್ಕೆಟ್ಟಿನ್ಯಾಗ ಟೆಂಡರ್ ಅನ್ನೋದ ಆನ್‌ಲೈನ್. ರಾಜ್ಯ ಸರ್ಕಾರ ಮತ್ತ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಕೂಡಿ 2014ರಾಗ ಏಕೀಕೃತ ಮಾರುಕಟ್ಟೆ ಅನ್ನೋ ಆನ್‌ಲೈನ್ ವ್ಯವಸ್ಥೆ ಚಾಲೂ ಮಾಡಿದ ಮ್ಯಾಲ ನೆಟ್ ಇಲ್ಲಂದ್ರ ರೇಟ್ ಹಾಕೋದ ಆಗೂದಿಲ್ಲ, ನಮ್ಮ ಲೆಕ್ಕದ ಸಾಫ್ಟ್‌ವೇರ್ ಒಂದು ಆಫ್‌ಲೈನ್ ಇಟ್ಕೊಂಡು ಏನ ಮಾಡೋದು?

ಬೆಟಗೇರಿ_ಪ್ರೆಸ್

ಬ್ಯಾಡಗಿ ಸಾವಕಾರ್ರಿಗೆ ಚಲೋ ಕಂಪನಿ ಸಿಕ್ಕೈತಿ, ಅವರ ದೈವ. ನನ್ನ ಕಥಿ ಕೇಳ್ರಿ.

ಗದಗ-ಬೆಟಗೇರಿ ಅಂದ್ರ ಪ್ರೆಸ್ಸಿನ ಊರು ಅಂತ ನಿಮಗ ಹೇಳೋದೇನು ಬ್ಯಾಡ. ನಮ್ಮಲ್ಲೆ ಲಗ್ನಪತ್ರಿಕಿ, ಬಿಲ್ ಬುಕ್, ಕ್ಯಾಲೆಂಡರ್, ಶಾಲಿ ಕೆಲಸ. 2019ರಾಗ ಒಬ್ಬ ಪರಿಚಯದವ ಬಂದು ಜಾಬ್ ಕಾರ್ಡಿನ (ಒಂದೊಂದ ಅಚ್ಚಿನ ಕೆಲಸದ ವಿವರ ಬರಿಯೋ ಚೀಟಿ) ಸಾಫ್ಟ್‌ವೇರ್ ಮಾಡೀವಿ, ಆನ್‌ಲೈನ್ ಐತಿ, 25,000 ಒಮ್ಮೆ ಕೊಟ್ರ ಲೈಫ್‌ಟೈಮ್ ಅಂದ. ನನಗ ತಿಂಗಳಾ ಕಟ್ಟೋ ಜಗಳಿಲ್ಲಂದ್ರ ಛಲೋನ ಆತು ಅನ್ನಿಸ್ತು, ಕೊಟ್ಟೆ. ಖರೇ ಹೇಳ್ತೀನಿ, ಸಾಫ್ಟ್‌ವೇರ್ ಭಾರಿ ಇತ್ತು. ಯಾವ ಗಿರಾಕಿಗೆ ಯಾವ ಪೇಪರ್, ಎಷ್ಟು ಜಿಎಸ್‌ಎಂ (ಪೇಪರಿನ ತೂಕ), ಹೋದ ವರ್ಷ ಏನ್ ರೇಟ್ ಹಾಕಿದ್ವಿ, ಅಚ್ಚಿನ ಪ್ಲೇಟ್ ಯಾವ ಕಪಾಟಿನ್ಯಾಗ ಐತಿ, ಎಲ್ಲಾ ಅದರಾಗ.

2023ರಾಗ ಒಂದಿನ ಮುಂಜಾನೆ ಸೈಟ್ ತೆರಿಲಿಲ್ಲ. ನೆಟ್ ಇಲ್ಲೇನು ಅಂತ ರೌಟರ್ ಬಂದ್ ಮಾಡಿ ಚಾಲೂ ಮಾಡಿದ್ವಿ, ಮೂರು ಸಲ. ಮಧ್ಯಾಹ್ನ ಅವನಿಗೆ ಫೋನ್ ಹಚ್ಚಿದ್ರ ಸ್ವಿಚ್ ಆಫ್. ಎಂಟು ದಿನ ಆದ ಮ್ಯಾಲ ಅವರ ಆಫೀಸಿಗೆ ಹೋದ್ರ ಅಲ್ಲಿ ಮೊಬೈಲ್ ಕವರ್ ಮಾರೋ ಅಂಗಡಿ. ಆಮ್ಯಾಲ ಗೊತ್ತಾತು, ಅವ ತಾನ ಯಾರ ಕಡಿಂದೋ ಸರ್ವರ್ ಬಾಡಿಗಿ ತಗೊಂಡಿದ್ದ, ಆ ಬಾಡಿಗಿ ಕಟ್ಟಿಲ್ಲ, ಅವರು ಬಂದ್ ಮಾಡ್ಯಾರ. ನಂದು ಲೈಫ್‌ಟೈಮ್, ಖರೇ, ಆದ್ರ ಯಾರ ಲೈಫ್ ಅಂತ ನಾನು ಕೇಳಿದ್ದಿಲ್ಲ. ನಾಕು ವರ್ಷದ ಜಾಬ್ ಕಾರ್ಡ್ ಹೋದುವು. ಕೌಂಟರಿನ ಹುಡುಗ ದಿನಾ ಸಂಜಿಕ ಒಂದು ರಿಪೋರ್ಟ್ ಪಿಡಿಎಫ್ ಮಾಡಿ ನನಗ ಮೇಲ್ ಮಾಡ್ತಿದ್ದ, ಅದರ ಮ್ಯಾಲ ಬಾಕಿ ವಸೂಲಿ ಮಾಡಿದ್ವಿ. ಹಳೇ ರೇಟು, ಪ್ಲೇಟಿನ ಜಾಗಾ ಎಲ್ಲಾ ನೆನಪಿನ ಮ್ಯಾಲ. ಇನ್ನೂ ಕೆಲವು ಪ್ಲೇಟ್ ಸಿಕ್ಕಿಲ್ಲ.

ಮತ್ತ ನಮ್ಮ ವೆಬ್‌ಸೈಟ್ ಹೆಸರೂ ಅವನ ಹೆಸರಿನ್ಯಾಗ ರಿಜಿಸ್ಟರ್ ಆಗಿತ್ತು. ಅದರ ಮ್ಯಾಲ ಇದ್ದ ಮೇಲ್ ಐಡಿನೂ ಹೋತು, ಆ ಮೇಲ್ ಐಡಿ ಅಚ್ಚು ಹಾಕಿದ ವಿಸಿಟಿಂಗ್ ಕಾರ್ಡ್ ಎರಡು ಸಾವಿರ ಇನ್ನೂ ಅದಾವ. ಪ್ರೆಸ್ಸಿನವನಿಗೇ ಹಿಂಗಾತು ನೋಡ್ರಿ.

ಕೇಶ್ವಾಪುರ_ಹಳೇಮಂದಿ

ಅದಕ್ಕ ಹೇಳೋದು, ಒಮ್ಮೆ ರೊಕ್ಕ ಕೊಟ್ಟು ತಗೊಂಡಿದ್ದು ನಮ್ಮದು. ಈ ತಿಂಗಳ ಬಾಡಿಗಿ ಅನ್ನೋದು ಜೀವನಪರ್ಯಂತ ಕುತ್ತಿಗಿಗೆ. ನಮ್ಮ ಕಂಪ್ಯೂಟರ್, ನಮ್ಮ ಡೇಟಾ, ನಮ್ಮ ಬೀಗ.

ಬ್ಯಾಡಗಿ_ಅಡತಿ

ಕಾಕಾರ, ಬೆಟಗೇರಿಯವರು ಒಮ್ಮೆ ರೊಕ್ಕ ಕೊಟ್ಟ ತಗೊಂಡಿದ್ರಲ್ಲ, ಅವರದ ಹೋತು. ತಿಂಗಳಾ ಬಾಡಿಗಿ ತಗೋಳಾಂವಗ ನಾವು ಬಿಟ್ಟು ಹೋದೇವು ಅನ್ನೋ ಅಂಜಿಕಿ ಇರ್ತೈತಿ, ಲೈಫ್‌ಟೈಮ್ ರೊಕ್ಕ ಇಸ್ಕೊಂಡವಗ ಏನ್ ಅಂಜಿಕಿ?

ಉಣಕಲ್_ಕೆರಿದಂಡಿ

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಹುಬ್ಬಳ್ಯಾಗ ಕುಂತು ಸಪೋರ್ಟ್ ಕೆಲಸ ಮಾಡ್ತೀನಿ, ದಿನಾ ಇಂಥಾ ಗಿರಾಕಿಗಳ ಫೋನ್ ತಗೋಳಾಂವ. ಅದಕ್ಕ ಕಂಪನಿ ಹೆಸರು ಹೇಳೂದಿಲ್ಲ, ಯಾವುದನ್ನೂ ತಗೋರಿ ಅನ್ನೂದಿಲ್ಲ.

ಗೋಕುಲರೋಡ್ ಅಣ್ಣಾರ, ಮೊದಲ ಸೇಲ್ಸ್‌ನವ ಯಾವ ಮಾಲು ತಂದಾನ ಅಂತ ತಿಳ್ಕೋರಿ. "ಕ್ಲೌಡ್" ಅಂತ ಹೇಳಿ ಎರಡು ಬ್ಯಾರೆ ಬ್ಯಾರೆ ಮಾಲು ಮಾರ್ತಾರ. ಒಂದು, ನಿಮ್ಮದ ಟ್ಯಾಲಿ, ನಿಮ್ಮದ ಲೈಸೆನ್ಸ್, ಅದನ್ನ ಎಲ್ಲೋ ಒಂದು ಬಾಡಿಗಿ ವಿಂಡೋಸ್ ಸರ್ವರಿನ್ಯಾಗ ಕುಂದ್ರಿಸಿ ರಿಮೋಟ್ ಡೆಸ್ಕ್‌ಟಾಪಿನಿಂದ, ಅಂದ್ರ ಆ ಸರ್ವರಿನ ಪರದೆ ನಿಮ್ಮ ಕಂಪ್ಯೂಟರಿನ್ಯಾಗ ಕಾಣೋಹಂಗ ಮಾಡಿ, ತೆಗಸ್ತಾರ. ಪರದೆ ಮ್ಯಾಲ ಎಲ್ಲಾ ಮೊದಲಿನಂಗ, ಡೇಟಾ ಫೋಲ್ಡರ್ ಕಾಪಿ ಮಾಡ್ಕೊಂಡು ಬಂದ್ರ ಮನ್ಯಾಗಿನ ಟ್ಯಾಲಿಯೊಳಗ ತೆರಿತೈತಿ. ಎರಡನೇದು, ಸಾಫ್ಟ್‌ವೇರ ಅವರದು, ಬ್ರೌಸರಿನ್ಯಾಗ ತೆರಿತೈತಿ, ಸಾವಿರಾರು ಅಂಗಡಿಗೆ ಒಂದ ಪ್ರೋಗ್ರಾಮ್, ಬ್ಯಾಡಗಿಯವರು ಹೇಳಿದ ಕೋಲ್ಡ್ ಸ್ಟೋರೇಜ್ ಲೆಕ್ಕ ಇದಕ್ಕ ಬರೋಬ್ಬರಿ ಹೊಂದ್ತೈತಿ. ಇದರಾಗ ಇನ್‌ಸ್ಟಾಲ್ ಇಲ್ಲ, ವರ್ಷನ್ ಇಲ್ಲ, ಒಂದಿನ ಮುಂಜಾನೆ ಎದ್ದು ನೋಡಿದ್ರ ಸೇವ್ ಬಟನ್ ಬಲಕ್ಕಿದ್ದದ್ದು ಎಡಕ್ಕ ಹೋಗಿರ್ತೈತಿ, ಆ ದಿನ ನಮಗ ಫೋನೋ ಫೋನು. ನಿಮಗ ಹೇಳಿದ್ದು ಎರಡನೇದು.

ಇದೇನು ಹೊಸದಲ್ಲ. ಅಮೆರಿಕಾದಾಗ ಹಿಂಗ ಆನ್‌ಲೈನ್ ಸಾಫ್ಟ್‌ವೇರ್ ಬಾಡಿಗಿ ಕೊಡೋ ಸೇಲ್ಸ್‌ಫೋರ್ಸ್ ಕಂಪನಿ ಚಾಲೂ ಆಗಿದ್ದು 1999ರಾಗ. 2006ರಾಗ ಅಮೆಜಾನ್ ಸರ್ವರ್ ಬಾಡಿಗಿ ಕೊಡಾಕ ಹತ್ತಿದ ಮ್ಯಾಲ ಸಣ್ಣ ಸಣ್ಣ ಕಂಪನಿಗೂ ಸಾಫ್ಟ್‌ವೇರ್ ಮಾಡಿ ಬಾಡಿಗಿ ಕೊಡೋದು ಹಗೂರ ಆತು, 2016ರಾಗ ಅವರು ಮುಂಬೈಯೊಳಗ ಸರ್ವರ್ ಇಟ್ರು. ಮರು ವರ್ಷ ಜುಲೈದಾಗ ಜಿಎಸ್‌ಟಿ ಬಂತು, ನಮ್ಮ ಕಡೆ ಅಂಗಡಿ ಮಂದಿ ಆನ್‌ಲೈನ್ ಲೆಕ್ಕದ ಮುಖ ನೋಡಿದ್ದು ಅವಾಗ.

ಈಗ ಅಗ್ರಿಮೆಂಟ್. ಅದರಾಗ "99.5% ಅಪ್‌ಟೈಮ್" ಅಂತ ದಪ್ಪ ಅಕ್ಷರದಾಗ ಇರ್ತೈತಿ, ಅಂದ್ರ ಒಟ್ಟು ಹೊತ್ತಿನ್ಯಾಗ ಅಷ್ಟು ಪಾಲು ಸಾಫ್ಟ್‌ವೇರ್ ಚಾಲೂ ಇಡ್ತೀವಿ ಅನ್ನೋ ಮಾತು. 30 ದಿನ ಅಂದ್ರ 43,200 ನಿಮಿಷ. 99.9 ಅಂದ್ರ ತಿಂಗಳಿಗೆ 43 ನಿಮಿಷ ಬಂದ್ ಇದ್ರೂ ಅವರು ಮಾತಿಗೆ ತಪ್ಪಿಲ್ಲ. 99.5 ಅಂದ್ರ 216 ನಿಮಿಷ, ಮೂರೂವರಿ ತಾಸಿನ ಮ್ಯಾಲ. ಅಷ್ಟೂ ಒಮ್ಮೆಲೆ ಲಕ್ಷ್ಮೀಪೂಜಾ ಹಿಂದಿನ ಸಂಜಿಕ ಬಂದ್ರೂ ನೀವು ಏನೂ ಅನ್ನೋಹಂಗಿಲ್ಲ. ಅದಕ್ಕಿಂತ ಜಾಸ್ತಿ ಬಂದ್ ಆದ್ರ ಮುಂದಿನ ಬಿಲ್ಲಿನ್ಯಾಗ ಸ್ವಲ್ಪ ಕಡಿತಾರ, ನಿಮ್ಮ ಆ ದಿನದ ವ್ಯಾಪಾರದ ಲುಕ್ಸಾನ್ ಯಾರೂ ಕೊಡೂದಿಲ್ಲ.

ಅಪ್ಪಾರ ಉದ್ರಿ ಮಾತಿಗೆ ಬರ್ತೀನಿ. ಈಗ ನಿಮ್ಮ ಅಂಗಡಿ ಕಂಪ್ಯೂಟರಿಗೆ ಪಾಸ್‌ವರ್ಡ್ ಎಷ್ಟು ಮಂದಿಗೆ ಗೊತ್ತೈತಿ? ಯಾರರ ಐದು ನಿಮಿಷ ಒಬ್ಬರ ಕುಂತ್ರ ಪೂರ್ತಿ ಫೋಲ್ಡರ್ ಪೆನ್‌ಡ್ರೈವಿನ್ಯಾಗ ಹೋಗ್ತೈತಿ, ಗುರ್ತೂ ಉಳ್ಯೂದಿಲ್ಲ. ಆನ್‌ಲೈನಿನ್ಯಾಗ ಬಿಲ್ ಮಾಡೋ ಹುಡುಗಗ ಬಿಲ್ ಅಷ್ಟ ಕಾಣೋಹಂಗ, ಬಾಕಿ ಪಟ್ಟಿ ಅಪ್ಪಾರಿಗೂ ನಿಮಗೂ ಅಷ್ಟ ಕಾಣೋಹಂಗ ಇಡಬಹುದು. ಆದ್ರ ಕಂಪನಿಯೊಳಗಿನ ಮಂದಿಗೆ ಕಾಣೂದ ಇಲ್ಲ ಅಂತ ನಾನು ಹೇಳೂದಿಲ್ಲ. ಸಪೋರ್ಟಿಗೆ ಅಂತ ಪರ್ಮಿಷನ್ ತಗೊಂಡು ನಾವು ಗಿರಾಕಿ ಅಕೌಂಟ್ ತೆಗಿತೀವಿ, ತೆಗದದ್ದು ಲಾಗಿನ್ಯಾಗ ಬೀಳ್ತೈತಿ. ನಿಮ್ಮ ಕಂಪನ್ಯಾಗ ಆ ಲಾಗ್ ನಿಮಗ ತೋರಿಸ್ತಾರೇನು ಕೇಳ್ರಿ.

ಖಡಕ್_ರೊಟ್ಟಿ (ಧಾರವಾಡ)

ಇಷ್ಟು ದೊಡ್ಡ ದೊಡ್ಡ ಅಂಗಡಿಯವರ ನಡುವ ನಂದು ಸಣ್ಣ ಮಾತು. ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಕಳಸ್ತೀವ್ರಿ, ಒಂಬತ್ತು ಮಂದಿ ಹೆಣ್ಮಕ್ಕಳು ಕೆಲಸ ಮಾಡ್ತಾರ. ಬಿಲ್ಲು, ಆರ್ಡರ್, ಯಾರ ಎಷ್ಟು ರೊಟ್ಟಿ ಬಡದ್ರು, ಎಲ್ಲಾ ಮೊಬೈಲ್ ಆ್ಯಪಿನ್ಯಾಗ. ಹೋದ ಮಳಿಗಾಲದಾಗ ಫೋನ್ ಹಿಟ್ಟು ನಾದೋ ನೀರಿನ ಬುಟ್ಟ್ಯಾಗ ಬಿತ್ತು. ಅಗದಿ ಸತ್ತ ಹೋತು. ಸಂಜಿಕ ಸುಭಾಸ ರೋಡಿಗೆ ಹೋಗಿ ಬ್ಯಾರೆ ಫೋನ್ ತಗೊಂಡೆ, ಲಾಗಿನ್ ಮಾಡಿದ್ರ ಮುಂಜಾನೆ ಕಡೇ ಬರದ ಆರ್ಡರ್ ತನಕ ಎಲ್ಲಾ ಇತ್ತು. ಮೊದಲಿನ ನೋಟ್‌ಬುಕ್ ಆಗಿದ್ರ ಹಿಟ್ಟಾಗಿ ಹೋಗಿರ್ತಿತ್ತು.

ಆದ್ರ ತ್ರಾಸ ಬ್ಯಾರೆ ಕಡಿಂದ ಬಂತು. ಆ ಅಕೌಂಟ್ ಶುರು ಮಾಡಿಕೊಟ್ಟಿದ್ದು ನಮ್ಮ ಬಾಜೂ ಮನಿ ಹುಡುಗ, ಅವನ ಮೊಬೈಲ್ ನಂಬರ್, ಅವನ ಮೇಲ್ ಹಾಕಿದ್ದ. ನಮಗೆಲ್ಲಿ ಗೊತ್ತಾಗ್ತೈತಿ, ಅಕ್ಕಾರ ಎಲ್ಲಾ ಆತು ನೋಡ್ರಿ ಅಂದ, ಆತು ಅಂದ್ವಿ. ಅವ ಪುಣೆಕ್ಕ ನೌಕರಿಗೆ ಹೋದ. ಹೆಸರು ಬದಲಾಯಿಸ್ಬೇಕು, ಒಬ್ಬಾಕಿನ ಹೊಸದಾಗಿ ಸೇರಿಸ್ಬೇಕು ಅಂದ್ರ ಓಟಿಪಿ ಅವನಿಗೆ ಹೋಗ್ತೈತಿ. ಅವ ಶಿಫ್ಟಿನ್ಯಾಗ ಇರ್ತಾನ, ಫೋನ್ ಹೊರಗ ಇಟ್ಟಿರ್ತಾನ. ಓಟಿಪಿ ಹತ್ತು ನಿಮಿಷಕ್ಕ ಹಾಳಾಗ್ತೈತಿ, ಅವ ನೋಡೋದು ರಾತ್ರಿ ಹನ್ನೊಂದಕ್ಕ. ರೊಕ್ಕ ನಂದು, ರೊಟ್ಟಿ ನಂದು, ಬೀಗದ ಕೈ ಅವಂದು. ನಂಬರ್ ಬದಲಿ ಮಾಡಿಸ್ಕೋಳಾಕ ಆಧಾರ್, ಜಿಎಸ್‌ಟಿ ಸರ್ಟಿಫಿಕೇಟ್, ಲೆಟರ್‌ಹೆಡ್ ಮ್ಯಾಲ ಅರ್ಜಿ ಎಲ್ಲಾ ಕಳಿಸಿ ಹದಿನೇಳು ದಿನ ಕಾದೆ. ಲೆಟರ್‌ಹೆಡ್ ಇದ್ದಿಲ್ಲ, ಅದಕ್ಕ ಒಂದು ಮಾಡಿಸಿದೆ.

ಬೆಟಗೇರಿ_ಪ್ರೆಸ್

ಅಕ್ಕಾರ, ಮುಂದಿನ ಲೆಟರ್‌ಹೆಡ್ ನಮ್ಮ ಕಡೆ ಮಾಡಸ್ರಿ 🙏

ಸಿಎ_ಆಫೀಸ್_ಹುಡುಗ (ಹುಬ್ಬಳ್ಳಿ)

ಖಡಕ್ ರೊಟ್ಟಿ ಅಕ್ಕಾರು ಹೇಳಿದ್ದು ನಮ್ಮ ಆಫೀಸಿನ್ಯಾಗ ದಿನಾ ಬರೋ ಗೋಳು. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ (ಮಾಲು ಸಾಗಸಾಕ ಬೇಕಾಗೋ ಆನ್‌ಲೈನ್ ಚೀಟಿ), ಇ-ಇನ್‌ವಾಯ್ಸ್ ಪೋರ್ಟಲಿಗೂ ಎಲ್ಲರಿಗೂ ಓಟಿಪಿ ಕಡ್ಡಾಯ ಆಗೈತಿ, ಅವಾಗ ಗೊತ್ತಾತು ಎಷ್ಟು ಅಂಗಡಿ ನಂಬರ್ ಬಿಟ್ಟು ಹೋದ ಗುಮಾಸ್ತರ ಹೆಸರಿನ್ಯಾಗ ಅದಾವ ಅಂತ. ಇಬ್ಬರು ಸತ್ತವರ ನಂಬರೂ ಇದ್ವು.

ಪಂಪ್‌ಸೆಟ್ ಅಣ್ಣಾರಿಗೆ ಲೆಕ್ಕದ ಕಡಿಂದ ನಾಕು ಮಾತು. ನಿಮ್ಮ ಟರ್ನ್‌ಓವರ್ ಐದು ಕೋಟಿ ದಾಟಿದ್ರ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಮಾಡಾಕ ಬೇಕು, ಅಂದ್ರ ಇನ್ನೊಬ್ಬ ವ್ಯಾಪಾರಸ್ಥಗ ಕೊಡೋ ಬಿಲ್ಲು ಪೋರ್ಟಲಿಗೆ ಹೋಗಿ ನಂಬರ್ ತಗೊಂಡು ಬರ್ಬೇಕು. 50,000 ದಾಟಿದ ಮಾಲಿಗೆ ಇ-ವೇ ಬಿಲ್ಲು. ಅದಕ್ಕ ನೆಟ್ ಹೋದ್ರ ಏನ್ ಮಾಡ್ಲಿ ಅನ್ನೋ ಪ್ರಶ್ನೆ ಟ್ಯಾಲಿ ಇಟ್ಕೊಂಡ್ರೂ ತಪ್ಪಿದ್ದಲ್ಲ.

ಖರ್ಚು: ವರ್ಷದ್ದು ಒಮ್ಮೆ ಕಟ್ಟಿದ್ರ ಹತ್ತು ತಿಂಗಳದ್ದು 45,000, ಜಿಎಸ್‌ಟಿ 8,100, ಕೂಡಿ 53,100. ಬಿಲ್ಲಿನ್ಯಾಗ ನಿಮ್ಮ ಜಿಎಸ್‌ಟಿ ನಂಬರ್ ಇದ್ರ ಆ 8,100 ಇನ್‌ಪುಟ್ ಆಗಿ, ಅಂದ್ರ ನೀವು ಕಟ್ಟೋ ಜಿಎಸ್‌ಟಿಯೊಳಗ ಕಡತ ಆಗಿ, ಹೊಳ್ಳಿ ಬರ್ತೈತಿ. ಆದ್ರ ಇಲ್ಲಿ ಜಿಎಸ್‌ಟಿ ಹಾಕದ ಹೊರದೇಶದ ಕಂಪನಿಗೆ ನೀವ ಸೀದಾ ಕಾರ್ಡಿನಿಂದ ಕಟ್ಟಿದ್ರ ರಿವರ್ಸ್ ಚಾರ್ಜಿನ್ಯಾಗ 18% ನೀವ ಕಟ್ಟಬೇಕು, ಇದನ್ನ ಭಾಳ ಮಂದಿ ಮರಿತಾರ, ನಾವು ಕಾರ್ಡ್ ಸ್ಟೇಟ್‌ಮೆಂಟ್ ನೋಡಿದಾಗ ಗೊತ್ತಾಗ್ತೈತಿ. ಇನ್ನ ಕಾರ್ಡಿನ ಆಟೋ ಪೇಮೆಂಟ್ 15,000 ದಾಟಿದ್ರ ಆರ್‌ಬಿಐ ನಿಯಮದ ಪ್ರಕಾರ ಓಟಿಪಿ ಕೊಡ್ಲೇಬೇಕು, ತಾನ ಕಟ್ ಆಗೂದಿಲ್ಲ. ವರ್ಷದ ರಿನ್ಯೂವಲ್ ತಾನ ಆಗ್ತೈತಿ ಅಂತ ಕುಂತು ಮಾರ್ಚ್ ತಿಂಗಳದಾಗ ಅಕೌಂಟ್ ಬಂದ್ ಆದವರು ಅದಾರ.

ಎಲ್ಲಾಕ್ಕಿಂತ ದೊಡ್ಡದು, ಲೆಕ್ಕದ ಪುಸ್ತಕ ವಾರ್ಷಿಕ ರಿಟರ್ನಿನ ಕಡೇ ತಾರೀಖಿನಿಂದ 72 ತಿಂಗಳು ಇಟ್ಕೋಬೇಕು ಅಂತ ಜಿಎಸ್‌ಟಿ ಕಾಯ್ದೆ ಐತಿ. ಆರು ವರ್ಷ. ನೀವು ಮೂರನೇ ವರ್ಷಕ್ಕ ಸಾಫ್ಟ್‌ವೇರ್ ಬಿಟ್ರಿ ಅನ್ರಿ, ಹಳೇ ಮೂರು ವರ್ಷದ ಲೆಕ್ಕ ಅಧಿಕಾರಿ ಕೇಳಿದಾಗ "ಕಂಪನಿ ಬಂದ್ ಆಗೈತ್ರಿ ಸರ" ಅಂದ್ರ ನಡ್ಯೂದಿಲ್ಲ. ಬೆಟಗೇರಿ ಸರ, ನಿಮ್ಮ ಜಿಎಸ್‌ಟಿ ಲೆಕ್ಕ ಬ್ಯಾರೆ ಇತ್ತಲ್ಲ?

ಬೆಟಗೇರಿ_ಪ್ರೆಸ್

ಅದು ಟ್ಯಾಲಿಯೊಳಗ ಬ್ಯಾರೆ ಇತ್ತು, ದೇವರ ದಯಾ. ಇಲ್ಲಂದ್ರ ನಾನು ಇಲ್ಲಿ ಬರಿಯಾಕ ಇರ್ತಿದ್ದಿಲ್ಲ.

ಸಿಎ_ಆಫೀಸ್_ಹುಡುಗ (ಹುಬ್ಬಳ್ಳಿ)

ಮತ್ತೊಂದು ಮರತಿದ್ದೆ. ಪ್ರೈವೇಟ್ ಲಿಮಿಟೆಡ್ ಆಗಿದ್ರ ನಿಯಮ ಇನ್ನೂ ಬಿಗಿ. ಲೆಕ್ಕದ ಬ್ಯಾಕಪ್ ದಿನಾ ಭಾರತದಾಗಿನ ಸರ್ವರಿನ್ಯಾಗ ಇರ್ಬೇಕು, ಯಾರು ಯಾವಾಗ ಏನು ತಿದ್ದಿದ್ರು ಅನ್ನೋ ಎಡಿಟ್ ಲಾಗ್ 2023ರ ಏಪ್ರಿಲ್‌ನಿಂದ ಕಡ್ಡಾಯ. ಪಾರ್ಟ್ನರ್‌ಶಿಪ್, ಸ್ವಂತ ಅಂಗಡಿಗೆ ಇದು ಹತ್ತೂದಿಲ್ಲ.

ಸೊಸೈಟಿ_ಕಾರ್ಯದರ್ಶಿ (ಗದಗ ತಾಲೂಕು)

ಎಲ್ಲರ ಮಾತು ಓದಿದೆ. ನಾನು ಒಂದು ಸಹಕಾರಿ ಸಂಘದಾಗ ಕಾರ್ಯದರ್ಶಿ. ನಮ್ಮ ಗದಗ ಸೀಮಿಯ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಏಷ್ಯಾದಾಗ ಮೊದಲನೇದು ಅಂತ ಹೆಸರಾಗೈತಿ, ಅವಾಗ ಲೆಕ್ಕ ಬರಿತಿದ್ದುದು ವಹಿಯೊಳಗ. ಈಗ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೂ ಆನ್‌ಲೈನ್. 2022ರಾಗ ಕೇಂದ್ರ ಸರ್ಕಾರ 63,000 ಸಂಘಗಳ ಕಂಪ್ಯೂಟರೀಕರಣಕ್ಕ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿತು, ದೇಶಕ್ಕೆಲ್ಲಾ ಒಂದ ಸಾಫ್ಟ್‌ವೇರ್, ನಬಾರ್ಡ್ ಉಸ್ತುವಾರಿ. ಅಂದ್ರ ನಮಗ ಬೇಕೋ ಬ್ಯಾಡೋ ಅಂತ ಕೇಳೋ ಹೊತ್ತು ಮುಗದೈತಿ.

ಒಂದ ಜಾಗಾದಾಗ ಎಲ್ಲಾರ ಮಾಲು ಇಟ್ರ ಬರೋ ಅಪಾಯಕ್ಕ ಒಂದು ಉದಾಹರಣಿ ಕೊಡ್ತೀನಿ. 2024ರ ಜುಲೈ ಕೊನಿಗೆ ಸಿ-ಎಡ್ಜ್ ಅನ್ನೋ ಕಂಪನಿ ವ್ಯವಸ್ಥೆ ಮ್ಯಾಲ ರಾನ್ಸಮ್‌ವೇರ್ (ಡೇಟಾಕ್ಕ ಬೀಗ ಹಾಕಿ ರೊಕ್ಕ ಕೇಳೋದು) ದಾಳಿ ಆತು. ಅವರು ಸಣ್ಣ ಬ್ಯಾಂಕುಗಳಿಗೆ ಬ್ಯಾಂಕಿಂಗ್ ತಂತ್ರಜ್ಞಾನ ಕೊಡೋರು. ಯುಪಿಐ ನಡಸೋ ಎನ್‌ಪಿಸಿಐದವರು ಬ್ಯಾನಿ ಹರಡಬಾರದು ಅಂತ ಅವರ ಸಂಪರ್ಕ ಕಡದ್ರು, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳಿಗೆ ಯುಪಿಐ, ಎಟಿಎಂ ನಿಂತುವು. ಒಂದೆರಡು ದಿನದಾಗ ಸರಿ ಹೋತು, ಸುಳ್ಳಲ್ಲ. ಆದ್ರ ಆ 300 ಬ್ಯಾಂಕಿನ ಮ್ಯಾನೇಜರುಗಳು ಏನೂ ತಪ್ಪು ಮಾಡಿದ್ದಿಲ್ಲ, ಅವರ ಕಂಪ್ಯೂಟರಿನ್ಯಾಗ ಏನೂ ಕೆಟ್ಟಿದ್ದಿಲ್ಲ, ಕೌಂಟರ್ ಮುಂದ ನಿಂತ ಗಿರಾಕಿಗೆ ಹೇಳಾಕ ಅವರ ಕಡೆ ಏನೂ ಇದ್ದಿಲ್ಲ. ಅದಕ್ಕ ನಾವು ದಿನಾ ಸಂಜಿಕ ಸದಸ್ಯರ ಬಾಕಿ ಪಟ್ಟಿ ಪ್ರಿಂಟ್ ಹಾಕಿ ಫೈಲಿನ್ಯಾಗ ಇಡ್ತೀವಿ. ಹುಡುಗರು ನಗ್ತಾರ. ನಗಲಿ.

ಕೇಶ್ವಾಪುರ_ಹಳೇಮಂದಿ

ನೋಡ್ರಿ! ಇನ್ನೊಂದು ನಾನು ಹೇಳ್ತೀನಿ. 2025ರ ಜುಲೈದಾಗ ಗುಜರಾತಿನ ನಯಾರಾ ಎನರ್ಜಿ ರಿಫೈನರಿಗೆ ಯುರೋಪಿನವರು ನಿರ್ಬಂಧ ಹಾಕಿದ್ರು ಅಂತ ಮೈಕ್ರೋಸಾಫ್ಟ್ ಅವರ ಮೇಲ್, ಫೈಲ್ ಎಲ್ಲಾ ಬಂದ್ ಮಾಡಿತ್ತು. ದೆಹಲಿ ಹೈಕೋರ್ಟಿಗೆ ಹೋದ ಮ್ಯಾಲ ಹೊಳ್ಳಿ ಚಾಲೂ ಮಾಡಿದ್ರು. ರೊಕ್ಕ ಕಟ್ಟಿದ ಕಂಪನಿ, ಇರೋದು ಗುಜರಾತಿನ್ಯಾಗ, ತೈಲ ಶುದ್ಧ ಮಾಡೋ ಕಂಪನಿ, ಅವರದ ಬಂದ್ ಆತು. ಗೋಕುಲ ರೋಡಿನ ಪಂಪ್‌ಸೆಟ್ಟಿಂದು ಯಾರ್ ಕೇಳ್ತಾರ?

ಬ್ಯಾಡಗಿ_ಅಡತಿ

ಕಾಕಾರ, ಗೋಕುಲ ರೋಡಿನ ಪಂಪ್‌ಸೆಟ್ಟಿಗೆ ಯುರೋಪಿನವರು ನಿರ್ಬಂಧ ಹಾಕಿದ್ರ ನಮ್ಮ ಊರಿಗೇ ಹೆಸರು ಬರ್ತೈತಿ ಬಿಡ್ರಿ.

ಉಣಕಲ್_ಕೆರಿದಂಡಿ

ನಗಬ್ಯಾಡ್ರಿ, ಕಾಕಾರ ಮಾತಿನ್ಯಾಗ ಸತ್ಯ ಐತಿ, ನಮ್ಮ ಮಟ್ಟಕ್ಕ ಅದು ಬ್ಯಾರೆ ರೂಪದಾಗ ಬರ್ತೈತಿ ಅಷ್ಟ. ಅಣ್ಣಾ ತಮ್ಮ ಪಾಲಾದಾಗ ಅಕೌಂಟ್ ಯಾರದು ಅಂತ ಇಬ್ಬರೂ ನಮಗ ಮೇಲ್ ಬರಿತಾರ, ಹಂಗ ಆದಾಗ ಕಂಪನಿಯವರು ಮೊದಲ ಮಾಡೋ ಕೆಲಸ ಅಂದ್ರ ಇಬ್ಬರಿಗೂ ಬಂದ್ ಮಾಡೋದು. ಪಂಪ್‌ಸೆಟ್ ಅಣ್ಣಾರ, ಹಾವೇರಿ ತಮ್ಮನ ಜೋಡಿ ಮೊದಲ ಒಂದು ಹಾಳಿ ಮ್ಯಾಲ ಬರಸ್ಕೋರಿ, ಸಿಟ್ಟಾಗಬ್ಯಾಡ್ರಿ.

ರೊಕ್ಕ ಕಟ್ಟೋಕ್ಕಿಂತ ಮೊದಲ ಟ್ರಯಲ್ ತಗೋರಿ, ಅದರಾಗ ನಿಮ್ಮ ಖರೇ ಡೇಟಾ ಹಾಕ್ರಿ, ಹಾಕಿದ್ದನ್ನ ಹೊಳ್ಳಿ ಹೊರಗ ತೆಗೀರಿ, ತೆಗದದ್ದನ್ನ ಬ್ಯಾರೆ ಕಡೆ ತೆರದು ನೋಡ್ರಿ. ಎಲ್ಲಾರೂ ಒಳಗ ಹೋಗೋದು ಎಷ್ಟು ಹಗೂರ ಅಂತ ನೋಡ್ತಾರ. ಬ್ಯಾಡಗಿ ಕಾಕಾ ಕೇಳಿದ ರಸೀದಿ ಅಂದ್ರ ಇದ. ಎಕ್ಸ್‌ಪೋರ್ಟ್ ಅಂದ ಕೂಡ್ಲೆ ಪಿಡಿಎಫ್ ಕೊಡ್ತಾರ, ಪಿಡಿಎಫ್ ಒಪ್ಪಬ್ಯಾಡ್ರಿ, ಅದು ಚೀಲದ ಫೋಟೋ, ಚೀಲ ಅಲ್ಲ.

ಗೋಕುಲರೋಡ್_ಪಂಪ್‌ಸೆಟ್ (ಹುಬ್ಬಳ್ಳಿ)

ಇಪ್ಪತ್ತೆರಡು ದಿನ ಆದ ಮ್ಯಾಲ ಬರಿಯಾಕತ್ತೀನಿ, ತಡ ಆತು, ಮಾಫ್ ಮಾಡ್ರಿ.

ಎಲ್ಲಾರ ಮಾತು ಪ್ರಿಂಟ್ ಹಾಕಿ ಅಪ್ಪಾರಿಗೆ ಓದಿ ಹೇಳಿದೆ. ಕೋಲ್ಡ್ ಸ್ಟೋರೇಜ್ ಮಾತು ಅವರಿಗೆ ಹಿಡಸ್ತು, ರಸೀದಿ ಮಾತು ಇನ್ನೂ ಹಿಡಸ್ತು. ಸೇಲ್ಸ್‌ನವನ್ನ ಕರದು ಅಪ್ಪಾರ ಕೇಳಿದ್ರು, "ತಮ್ಮಾ, ನಾವು ಬಿಟ್ಟು ಹೋಗ್ತೀವಿ ಅಂದ್ರ ನಮ್ಮ ಮಾಲು ಹೆಂಗ ಕೊಡ್ತೀ, ಮೊದಲ ಅದನ್ನ ತೋರಸು" ಅಂತ. ಅವ ಇನ್ನೂ ಬಂದ ಇಲ್ಲ, ಹೋಗೋದು ಯಾಕ ಮಾತಾಡ್ತೀರಿ ಅಂದ. ಅಪ್ಪಾರು ಚಾ ತರಿಸಿ ಸುಮ್ನ ಕುಂತ್ರು. ಚಾ ಮುಗದ ಮ್ಯಾಲ ಅವ ಫುಲ್ ಎಕ್ಸ್‌ಪೋರ್ಟ್ ಮ್ಯಾಲಿನ ಪ್ಲಾನಿನ್ಯಾಗ ಅಷ್ಟ ಐತಿ ಅಂದ. ಅವನ ಮ್ಯಾನೇಜರಿಗೆ ಫೋನ್ ಹೋತು, ಆಮ್ಯಾಲ ನಮ್ಮ ಪ್ಲಾನಿನ್ಯಾಗೂ ಕೊಡ್ತೀವಿ ಅಂತ ಮೇಲ್ ಮ್ಯಾಲ ಬರದು ಕೊಟ್ರು. ಆ ಮೇಲ್ ಪ್ರಿಂಟ್ ತಿಜೋರ್ಯಾಗ ಐತಿ.

ಹಾವೇರಿ ಅಂಗಡಿ ಸಣ್ಣದು, ಅದರ ಡೇಟಾ ಅಷ್ಟ ಟ್ರಯಲಿಗೆ ಹಾಕಿದ್ವಿ. ಹೊಳ್ಳಿ ಎಕ್ಸೆಲ್ ಇಳಿಸಿ ಸಿಎ ಆಫೀಸ್ ಹುಡುಗಗ ಕೊಟ್ಟೆ (ಇಲ್ಲಿ ಬರದಾವ ಅವನ, ಅಂಗಡಿಗೇ ಬಂದಿದ್ದ). ಅವ ಒಂದು ಖಾಲಿ ಟ್ಯಾಲಿಯೊಳಗ ಏರಿಸಿದ. ಸ್ಟಾಕ್ ಬರೋಬ್ಬರಿ. ಬಿಲ್ ನಂಬರ್ ಬರೋಬ್ಬರಿ. ಉದ್ರಿ ಪಟ್ಟಿ ಒಟ್ಟು ಮಾತ್ರ 18,600 ಕಮ್ಮಿ ಬಂತು.

ಅಪ್ಪಾರು "ನಾ ಹೇಳಿದ್ದಿಲ್ಲೇನು" ಅನ್ನೋ ಮಾರಿ ಮಾಡ್ಕೊಂಡು ಕುಂತ್ರು. ನಾನು, ತಮ್ಮ, ಸಿಎ ಹುಡುಗ ಮೂವರು ರಾತ್ರಿ ಹತ್ತೂವರಿ ತನಕ ಮಿರ್ಚಿ ತಿಂದ್ಕೋತ ಒಂದೊಂದ ಪಾರ್ಟಿ ಹೆಸರು ಟಿಕ್ ಮಾಡಿದ್ವಿ. ಸಿಕ್ಕಿದ್ದು ಏನಂದ್ರ ಹಾನಗಲ್ಲಿನ ಒಂದು ಪಾರ್ಟಿ ನಮ್ಮ ಟ್ಯಾಲಿಯೊಳಗ ಎರಡು ಹೆಸರಿನ್ಯಾಗ ಇತ್ತು, ಒಂದರ ಮುಂದ "ಶ್ರೀ" ಐತಿ, ಇನ್ನೊಂದಕ್ಕ ಇಲ್ಲ. ಮಾಲು ಒಂದರಾಗ ಹಾಕೀವಿ, ಅವರು 2022ರಾಗ ಕೊಟ್ಟ 18,600 ಇನ್ನೊಂದರಾಗ ಜಮಾ ಮಾಡೀವಿ. ಒಂದರಾಗ ಬಾಕಿ, ಒಂದರಾಗ ಅಡ್ವಾನ್ಸ್. ಹೊಸ ಸಾಫ್ಟ್‌ವೇರ್ ಜಿಎಸ್‌ಟಿ ನಂಬರ್ ನೋಡಿ ಎರಡನ್ನೂ ಕೂಡಿಸಿಬಿಟ್ಟೈತಿ, ಬಾಕಿ ಸೊನ್ನೆ ಆಗೈತಿ. ಕಾಣಿ ಆಗಿದ್ದು ಏನೂ ಇಲ್ಲ, ಇರಲಾರದ ಬಾಕಿ ಹೋಗೈತಿ.

ಸದ್ಯಕ್ಕ ಹಾವೇರಿ ಮತ್ತ ಗದಗ ಆನ್‌ಲೈನಿಗೆ ಹಾಕೀವಿ, ಹುಬ್ಬಳ್ಳಿ ಮಾರ್ಚ್ ಮುಗದ ಮ್ಯಾಲ. ಅಡ್ಮಿನ್ ನಂಬರ್ ಅಂಗಡಿ ಹೆಸರಿನ ಹೊಸ ಸಿಮ್, ಅದು ಅಪ್ಪಾರ ಹಳೇ ಬಟನ್ ಫೋನಿನ್ಯಾಗ ಐತಿ, ಓಟಿಪಿ ಬಂದ್ರ ಕನ್ನಡಕ ಹಾಕ್ಕೊಂಡು ಒಂದೊಂದ ಅಂಕಿ ಓದ್ತಾರ, ಯಾರು ಯಾಕ ಕೇಳಾಕತ್ತೀರಿ ಅಂತ ಮೊದಲ ವಿಚಾರಣಿ ಆಗ್ತೈತಿ. ತಿಂಗಳಾ ಒಂದನೇ ತಾರೀಖಿಗೆ ಎಕ್ಸೆಲ್ ಇಳಿಸಿ ಎರಡು ಪೆನ್‌ಡ್ರೈವ್. ಫೈಬರ್ ಮೊನ್ನೆ ಒಂದಿನ ಹರದಿತ್ತು, ಡಾಂಗಲ್ ಮ್ಯಾಲ ನಡೀತು, ನಿಧಾನ, ಆದ್ರ ನಡೀತು.

ಆದ್ರ ಹಾನಗಲ್ಲಿನವರದು ತಲಿಬ್ಯಾನಿ ಆಗೈತ್ರಿ. ನಾವು 2022ರಿಂದ ಅವರಿಗೆ ತಿಂಗಳಾ ಫೋನ್ ಹಚ್ಚಿ ಬಾಕಿ ಕೇಳಾಕತ್ತೀವಿ. ಅವರು ಪ್ರತಿ ಸಲ "ಕೊಟ್ಟೀನಲ್ರಿ, ನೋಡ್ರಿ ಒಮ್ಮೆ" ಅಂತಿದ್ರು. ಅಪ್ಪಾರು ಫೋನ್ ಇಟ್ಟು "ಎಲ್ಲಾರೂ ಹಂಗ ಅಂತಾರ" ಅಂತಿದ್ರು. ಹೋದ ವರ್ಷದಿಂದ ಅವರು ನಮ್ಮ ಕಡೆ ಮಾಲು ತಗೋಳೋದ ಬಿಟ್ಟಾರ. ಈಗ ಹೆಂಗ ಹೇಳೋದು?

ಖಡಕ್_ರೊಟ್ಟಿ (ಧಾರವಾಡ)

ಲೈನ್ ಬಜಾರಿನ ಪೇಢಾ ಒಂದು ಕಿಲೋ ತಗೊಂಡು ಹೋಗ್ರಿ ಅಣ್ಣಾರ, ಮಾತು ಆಮ್ಯಾಲ.

ಬ್ಯಾಡಗಿ_ಅಡತಿ

ಒಂದಲ್ಲ, ಎರಡು ಕಿಲೋ. ಮೂರ್ ವರ್ಷದ ಬಡ್ಡಿ.

ಗೋಕುಲರೋಡ್_ಪಂಪ್‌ಸೆಟ್ (ಹುಬ್ಬಳ್ಳಿ)

ಫೋನ್ ಬ್ಯಾಡ, ತಾವ ಹೋಗ್ತೀನಿ ಅಂದಾರ ಅಪ್ಪಾರು. ಐತವಾರ ಗಾಡಿ ತಗಿ ಅಂತ ಹೇಳ್ಯಾರ. ಖತಾವಣಿ ಪ್ರಿಂಟೂ ಬ್ಯಾಗಿನ್ಯಾಗ ಇಟ್ಕೊಂಡಾರ, ಎರಡೂ ಹೆಸರಿಂದು.